ಪಾರ್ಷಿಯಲ್ ಮಾಡಿದ ಫಂಕ್ಷನ್ ಕೈಕೊಟ್ರೆ ಎಲ್ಲಿ ಹುಡುಕ್ಬೇಕು

ಟ್ರೇಸ್‌ಬ್ಯಾಕ್ (ಎರರ್ ಎಲ್ಲಿಂದ ಬಂತು ಅಂತ ಪೈಥಾನ್ ಹಾಕೋ ಪಟ್ಟಿ) ತೋರಿಸ್ತಿರೋ ಲೈನಿಗೆ ಹೋಗಿ ನೋಡ್ತೀರ, ಅಲ್ಲಿ ಎರಡೇ ಆರ್ಗ್ಯುಮೆಂಟ್ ಇದೆ, ಎರಡೂ ಸರಿಯಾಗೇ ಇದೆ, ಆದ್ರೂ ಎರರ್ ಹೇಳ್ತಿರೋದು 'ಅಗಲ ಅನ್ನೋ ಆರ್ಗ್ಯುಮೆಂಟಿಗೆ ಒಂದಕ್ಕಿಂತ ಹೆಚ್ಚು ವ್ಯಾಲ್ಯೂ ಬಂದಿದೆ' ಅಂತ. ಹತ್ತು ಸಲ ಕಣ್ಣಾಡಿಸಿದ್ರೂ ಆ ಲೈನಲ್ಲಿ ಏನೂ ಸಿಗಲ್ಲ, ಯಾಕಂದ್ರೆ ತಪ್ಪು ಅಲ್ಲಿ ಇಲ್ವೇ ಇಲ್ಲ. ಪಾರ್ಷಿಯಲ್ ಅಪ್ಲಿಕೇಶನ್ ಇರೋ ಕೋಡಲ್ಲಿ ಎರಡು ಜಾಗ ಇರುತ್ತೆ, ಒಂದು ಆರ್ಗ್ಯುಮೆಂಟ್ ಕಟ್ಟಿಟ್ಟ ಜಾಗ, ಇನ್ನೊಂದು ಆಮೇಲೆ ಕರೆದ ಜಾಗ. ಎರರ್ ಕಾಣಿಸ್ಕೊಳ್ಳೋದು ಕರೆದ ಜಾಗದಲ್ಲಿ, ತಪ್ಪು ಕೂತಿರೋದು ಹೆಚ್ಚಾಗಿ ಕಟ್ಟಿದ ಜಾಗದಲ್ಲಿ, ಅದು ಬೇರೆ ಫೈಲಲ್ಲಿ ಇರಬಹುದು, ಬೇರೆ ಯಾರೋ ಬರೆದಿರಬಹುದು, ಪ್ರೋಗ್ರಾಮ್ ಶುರುವಾದಾಗ ಒಂದೇ ಸಲ ಓಡಿ ಮುಗಿದಿರಬಹುದು. ಈ ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಕೆಳಗಿರೋದೆಲ್ಲ ಬೇಗ ಅರ್ಥ ಆಗುತ್ತೆ.

ಹೊಸಬರಿಗೆ ಎರಡೇ ಮಾತು. ಮೂರು ಆರ್ಗ್ಯುಮೆಂಟ್ ಬೇಕಾದ ಫಂಕ್ಷನ್ ಇದೆ ಅನ್ಕೊಳ್ಳಿ, ಅದರಲ್ಲಿ ಒಂದನ್ನ ಈಗಲೇ ಕೊಟ್ಟು ಉಳಿದ ಎರಡನ್ನ ಆಮೇಲೆ ಕೊಡ್ತೀನಿ ಅಂತ ಹೇಳಿ ಒಂದು ಹೊಸ ಫಂಕ್ಷನ್ ಮಾಡ್ಕೊಳ್ಳೋದೇ ಪಾರ್ಷಿಯಲ್ ಅಪ್ಲಿಕೇಶನ್. ಪೈಥಾನಲ್ಲಿ ಇದು ಫಂಕ್‌ಟೂಲ್ಸ್ ಮಾಡ್ಯೂಲಿನ ಪಾರ್ಷಿಯಲ್, 2.5 ವರ್ಷನ್ನಿಂದ ಇದೆ. ಜಾವಾಸ್ಕ್ರಿಪ್ಟಲ್ಲಿ ಬೈಂಡ್. ಹ್ಯಾಸ್ಕೆಲ್, ಓಕ್ಯಾಮಲ್ ಥರದ ಭಾಷೆಗಳಲ್ಲಿ ಏನೂ ಬೇಡ, ಕಮ್ಮಿ ಆರ್ಗ್ಯುಮೆಂಟ್ ಕೊಟ್ರೆ ಸಾಕು ತಾನಾಗೇ ಆಗುತ್ತೆ. (ಉದಾಹರಣೆಗಳನ್ನೆಲ್ಲ ಕನ್ನಡ ಹೆಸರಲ್ಲೇ ಬರೆದಿದೀನಿ. ಪೈಥಾನ್ 3ರಲ್ಲಿ ವೇರಿಯಬಲ್, ಫಂಕ್ಷನ್ ಹೆಸರು ಕನ್ನಡದಲ್ಲಿ ಇಟ್ರೂ ನಡೆಯುತ್ತೆ, ಕೀವರ್ಡ್ ಮತ್ತೆ ಲೈಬ್ರರಿ ಹೆಸರು ಮಾತ್ರ ಇಂಗ್ಲಿಷಲ್ಲೇ ಟೈಪ್ ಮಾಡ್ಬೇಕು.)

ಮೊದಲು ಬಿಚ್ಚಿ ನೋಡಿ

ಊಹೆ ಮಾಡ್ತಾ ಕೂರೋಕಿಂತ ಮುಂಚೆ ಆ ಆಬ್ಜೆಕ್ಟನ್ನ ಪ್ರಿಂಟ್ ಮಾಡಿ. ಪೈಥಾನಿನ ಪಾರ್ಷಿಯಲ್ ಮುಚ್ಚಿದ ಡಬ್ಬ ಅಲ್ಲ, ಅದಕ್ಕೆ ಮೂರು ಆಟ್ರಿಬ್ಯೂಟ್ ಇದೆ: ಫಂಕ್, ಆರ್ಗ್ಸ್, ಕೀವರ್ಡ್ಸ್. ಒಳಗಿರೋ ಅಸಲಿ ಫಂಕ್ಷನ್ ಯಾವುದು, ಸ್ಥಾನದ ಪ್ರಕಾರ ಏನೇನು ಕಟ್ಟಿದೆ, ಹೆಸರಿನ ಪ್ರಕಾರ ಏನೇನು ಕಟ್ಟಿದೆ, ಎಲ್ಲ ಅದರಲ್ಲೇ ಸಿಗುತ್ತೆ. ಜೊತೆಗೆ ಇನ್‌ಸ್ಪೆಕ್ಟ್ ಮಾಡ್ಯೂಲಿನ ಸಿಗ್ನೇಚರ್‌ಗೆ ಆ ಆಬ್ಜೆಕ್ಟ್ ಕೊಟ್ರೆ ಇನ್ನೂ ಏನೇನು ಕೊಡೋದು ಬಾಕಿ ಇದೆ ಅಂತಾನೂ ಹೇಳುತ್ತೆ. ಪಾರ್ಷಿಯಲ್ ಮೇಲೆ ಪಾರ್ಷಿಯಲ್ ಹಾಕಿದ್ರೆ ಪದರ ಪದರವಾಗಿ ಇರಲ್ಲ, ಒಳಗಿನದ್ದೂ ಹೊರಗಿನದ್ದೂ ಸೇರಿ ಒಂದೇ ಲಿಸ್ಟ್ ಆಗಿರುತ್ತೆ, ಹಾಗಾಗಿ ಒಂದು ಪ್ರಿಂಟ್ ಸಾಕು. ಲ್ಯಾಂಬ್ಡಾ (ಹೆಸರಿಡದೆ ಅಲ್ಲೇ ಒಂದು ಲೈನಲ್ಲಿ ಬರೆಯೋ ಫಂಕ್ಷನ್) ಆಗಿದ್ರೆ ಈ ಸುಖ ಇಲ್ಲ, ಅದನ್ನ ಪ್ರಿಂಟ್ ಮಾಡಿದ್ರೆ ಬರೀ 'ಲ್ಯಾಂಬ್ಡಾ' ಅಂತ ಒಂದು ಮೆಮೊರಿ ಅಡ್ರೆಸ್ ಬರುತ್ತೆ ಅಷ್ಟೇ.

ಜಾವಾಸ್ಕ್ರಿಪ್ಟಲ್ಲಿ ಕಟ್ಟಿರೋ ವ್ಯಾಲ್ಯೂನ ಕೋಡಿಂದ ಓದೋಕೆ ದಾರಿ ಇಲ್ಲ, ಆದ್ರೆ ಬೈಂಡ್ ಆದ ಫಂಕ್ಷನ್ ಹೆಸರಿನ ಮುಂದೆ 'ಬೌಂಡ್' ಅಂತ ಸೇರ್ಕೊಂಡಿರುತ್ತೆ, ಅದರ ಲೆಂತ್ ಪ್ರಾಪರ್ಟಿ ಎಷ್ಟು ಆರ್ಗ್ಯುಮೆಂಟ್ ಕಟ್ಟಿದೀರೋ ಅಷ್ಟು ಕಮ್ಮಿ ಆಗಿರುತ್ತೆ. ಇದೂ ಒಂದು ಸುಳಿವೇ.

ಎರಡೆರಡು ವ್ಯಾಲ್ಯೂ ಬಂದಿದೆ ಅಂತ ಬೈದ್ರೆ

ಮೇಲೆ ಹೇಳಿದ ಎರರನ್ನೇ ತಗೊಳ್ಳಿ. ಫಂಕ್ಷನ್ ಹಿಂಗಿದೆ:

ಚಿತ್ರ_ಕುಗ್ಗಿಸು(ಫೈಲ್, ಅಗಲ, ಎತ್ತರ)

ಯಾರೋ ಒಂದು ಕಡೆ ಹಿಂಗೆ ಕಟ್ಟಿದಾರೆ:

ಚಿಕ್ಕದು = ಪಾರ್ಷಿಯಲ್(ಚಿತ್ರ_ಕುಗ್ಗಿಸು, ಅಗಲ=800)

ನೀವು ಇನ್ನೊಂದು ಕಡೆ, ಅಗಲ ಹೆಂಗಿದ್ರೂ ಕೊಟ್ಟಾಗಿದೆ ಉಳಿದಿರೋದು ಫೈಲ್ ಮತ್ತೆ ಎತ್ತರ ತಾನೇ ಅನ್ಕೊಂಡು, ಹಿಂಗೆ ಕರೀತೀರ:

ಚಿಕ್ಕದು("ಫೋಟೋ", 600)

ಮನುಷ್ಯರ ಲೆಕ್ಕದಲ್ಲಿ ಇದು ಸರಿ. ಪೈಥಾನ್ ಲೆಕ್ಕದಲ್ಲಿ 600 ಎರಡನೇ ಸ್ಥಾನದಲ್ಲಿದೆ, ಎರಡನೇ ಸ್ಥಾನ ಅಗಲದ್ದು, ಅಗಲಕ್ಕೆ ಆಗಲೇ ಹೆಸರಿಟ್ಟು 800 ಕಟ್ಟಿದೆ, ಈಗ 600 ಕೂಡ ಅಲ್ಲಿಗೇ ಬಂತು, ಜಗಳ ಶುರು. ಹೆಸರಿಟ್ಟು ಕಟ್ಟಿದ ತಕ್ಷಣ ಆ ಸ್ಥಾನ ಮಾಯ ಆಗಲ್ಲ, ಮುಂದಿನವು ಹಿಂದಕ್ಕೆ ಸರಿಯೋದೂ ಇಲ್ಲ. ಸಿಗ್ನೇಚರ್ ಪ್ರಿಂಟ್ ಮಾಡಿದ್ರೆ ಇದು ನೇರವಾಗಿ ಕಾಣುತ್ತೆ: (ಫೈಲ್, *, ಅಗಲ=800, ಎತ್ತರ). ಆ ನಕ್ಷತ್ರದ ಆಚೆ ಇರೋದನ್ನೆಲ್ಲ ಇನ್ಮೇಲೆ ಹೆಸರು ಹೇಳೇ ಕೊಡಬೇಕು. ಎತ್ತರ=600 ಅಂತ ಬರೆದ್ರೆ ಮುಗೀತು.

ಇದೇ ಫಂಕ್ಷನ್ನಿಗೆ ಹೆಸರು ಹಾಕದೆ ಪಾರ್ಷಿಯಲ್(ಚಿತ್ರ_ಕುಗ್ಗಿಸು, 800) ಅಂತ ಕಟ್ಟಿದ್ರೆ ಇನ್ನೂ ಮಜಾ. ಆ 800 ಎಡಗಡೆಯಿಂದ ಮೊದಲನೇ ಸ್ಥಾನಕ್ಕೆ, ಅಂದ್ರೆ ಫೈಲ್‌ಗೆ ಹೋಗಿ ಕೂರುತ್ತೆ. ಒಳಗೆ ಎಲ್ಲೋ ಓಪನ್(ಫೈಲ್) ಅಂತ ಇದ್ರೆ 'ಇದೇನಪ್ಪ ಫೈಲ್ ಹೆಸರಿನ ಜಾಗದಲ್ಲಿ ಸಂಖ್ಯೆ ಇದೆ' ಅಂತ ಪೈಥಾನ್ ಕೇಳುತ್ತೆ ಅನ್ಕೊಂಡಿದೀರಾ? ಕೇಳಲ್ಲ. ಓಪನ್‌ಗೆ ಸಂಖ್ಯೆ ಕೊಡೋದು ಕಾನೂನುಬದ್ಧ, ಅದನ್ನ ಫೈಲ್ ಡಿಸ್ಕ್ರಿಪ್ಟರ್ (ತೆರೆದಿರೋ ಫೈಲಿಗೆ ಸಿಸ್ಟಮ್ ಕೊಡೋ ನಂಬರ್) ಅಂತ ತಿಳ್ಕೊಳ್ಳುತ್ತೆ, 800ನೇ ಡಿಸ್ಕ್ರಿಪ್ಟರ್ ತೆರೆದಿರಲ್ಲ, 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಅಂತ ಎರರ್ ನಂಬರ್ 9 ಬರುತ್ತೆ. ಇದನ್ನ ನೋಡಿದವರು ಡಿಸ್ಕ್, ಪರ್ಮಿಷನ್ ಅಂತ ಹುಡುಕೋಕೆ ಹೋಗ್ತಾರೆ. ಆರ್ಗ್ಸ್ ಪ್ರಿಂಟ್ ಮಾಡಿದ್ರೆ (800,) ಅಂತ ಕಾಣುತ್ತೆ, ಅಲ್ಲಿಗೆ ಹುಡುಕಾಟ ಮುಗೀತು.

ಎರರೇ ಬರದೆ ಉತ್ತರ ಮಾತ್ರ ತಪ್ಪು ಬರೋದು ಇದರ ಅಣ್ಣ. ಕಳೆ(ಅ, ಬ) ಅನ್ನೋ ಫಂಕ್ಷನ್ ಅ ಮೈನಸ್ ಬ ಕೊಡುತ್ತೆ, ನಿಮಗೆ '10 ಕಳೆಯೋ' ಫಂಕ್ಷನ್ ಬೇಕು, ಪಾರ್ಷಿಯಲ್(ಕಳೆ, 10) ಬರೀತೀರ, ಅದಕ್ಕೆ 3 ಕೊಟ್ರೆ 7 ಬರುತ್ತೆ, ಬರಬೇಕಾಗಿದ್ದು ಮೈನಸ್ 7. ಎರಡೂ ಸಂಖ್ಯೆ ಆಗಿರೋದ್ರಿಂದ ಯಾರೂ ಕಿರುಚಲ್ಲ. ಪಾರ್ಷಿಯಲ್ ಯಾವಾಗ್ಲೂ ಎಡದಿಂದ ತುಂಬುತ್ತೆ, ಬಲಗಡೆದು ಕಟ್ಟಬೇಕಂದ್ರೆ ಹೆಸರು ಹಾಕಿ, ಬ=10 ಅಂತ. ಡಿವ್‌ಮಾಡ್ ಥರ ಹೆಸರೇ ಒಪ್ಪದ ಬಿಲ್ಟಿನ್ ಫಂಕ್ಷನ್ ಆದ್ರೆ ಇದು ನಡೆಯಲ್ಲ, ಆಗ ಲ್ಯಾಂಬ್ಡಾ ಬರೀಬೇಕು, ಇಲ್ಲಾಂದ್ರೆ ಪೈಥಾನ್ 3.14 ಇದ್ರೆ ಅದರಲ್ಲಿ ಹೊಸದಾಗಿ ಬಂದಿರೋ ಪ್ಲೇಸ್‌ಹೋಲ್ಡರ್ ಇಟ್ಟು 'ಈ ಜಾಗ ಖಾಲಿ ಬಿಡು' ಅಂತ ಹೇಳಬಹುದು. ಹ್ಯಾಸ್ಕೆಲಲ್ಲೂ ಇದೇ ಗುಂಡಿ ಇದೆ, (-10) ಅಂತ ಬ್ರಾಕೆಟಲ್ಲಿ ಬರೆದ್ರೆ ಅದು ಕಳೆಯೋ ಫಂಕ್ಷನ್ ಅಲ್ಲ, ಬರೀ ಮೈನಸ್ 10, ಅದಕ್ಕೇ ಅಲ್ಲಿ ಸಬ್‌ಟ್ರ್ಯಾಕ್ಟ್ ಅಂತ ಬೇರೆ ಫಂಕ್ಷನ್ ಇಟ್ಟಿದಾರೆ.

ಒತ್ತೋಕೆ ಮುಂಚೆನೇ ಓಡೋ ಬಟನ್

ಲಕ್ಷಣ ಏನಂದ್ರೆ, ವಿಂಡೋ ತೆರೆದ ತಕ್ಷಣ ಕೆಲಸ ಆಗೋಗಿರುತ್ತೆ, ಆಮೇಲೆ ಬಟನ್ ಎಷ್ಟು ಒತ್ತಿದ್ರೂ ಏನೂ ಆಗಲ್ಲ. ಕಾರಣ, ಕಟ್ಟಬೇಕಾದ ಕಡೆ ಕರೆದುಬಿಟ್ಟಿದೀರ: ಕಮಾಂಡ್=ಅಳಿಸು(5) ಅಂತ. ಅಳಿಸು ಅಲ್ಲೇ ಓಡಿ ನನ್ (None, ಅಂದ್ರೆ 'ಏನೂ ಇಲ್ಲ') ಕೊಡ್ತು, ಬಟನ್ನಿಗೆ ಸಿಕ್ಕಿದ್ದು ಆ ನನ್. ಪಾರ್ಷಿಯಲ್(ಅಳಿಸು, 5) ಅಂತ ಬರೀರಿ. ಜಾವಾಸ್ಕ್ರಿಪ್ಟಿನ ಸೆಟ್‌ಟೈಮ್‌ಔಟಲ್ಲೂ ಇದೇ ಕಥೆ.

ಇದರ ಉಲ್ಟಾನೂ ಆಗುತ್ತೆ, ಕರೀಬೇಕಾದ ಕಡೆ ಕರೆಯದೆ ಬಿಟ್ಟಿರ್ತೀರ. ಪೈಥಾನಲ್ಲಿ ಇಫ್ ಮುಂದೆ ಪಾರ್ಷಿಯಲ್ ಆಬ್ಜೆಕ್ಟನ್ನೇ ಇಟ್ಟು ಬ್ರಾಕೆಟ್ ಮರೆತ್ರೆ ಕಂಡೀಷನ್ ಯಾವಾಗ್ಲೂ ನಿಜ, ಯಾಕಂದ್ರೆ ಫಂಕ್ಷನ್ ಅನ್ನೋ ವಸ್ತು ಯಾವತ್ತೂ ಸುಳ್ಳಾಗಲ್ಲ. ಹ್ಯಾಸ್ಕೆಲಲ್ಲಿ ಒಂದು ಆರ್ಗ್ಯುಮೆಂಟ್ ಮರೆತು ಪ್ರಿಂಟ್ ಮಾಡೋಕೆ ಹೋದ್ರೆ ಫಂಕ್ಷನ್ನಿಗೆ 'ಶೋ' ಇನ್‌ಸ್ಟೆನ್ಸ್ ಇಲ್ಲ ಅಂತ ದೊಡ್ಡ ಎರರ್ ಬರುತ್ತೆ, ಭಯ ಬೀಳ್ಬೇಡಿ, ಕೊನೇಲಿ ಕಂಪೈಲರೇ 'ಆರ್ಗ್ಯುಮೆಂಟ್ ಸಾಕಾಗಷ್ಟು ಕೊಟ್ಟಿಲ್ವೇನೋ' ಅಂತ ಹೇಳಿರುತ್ತೆ, ಹೆಚ್ಚಿನ ಸಲ ಅದು ಸರಿನೇ. ಓಕ್ಯಾಮಲಲ್ಲಿ ಇದಕ್ಕೆ 5ನೇ ನಂಬರ್ ವಾರ್ನಿಂಗ್ ಇದೆ, ವಾರ್ನಿಂಗ್ ತಾನೇ ಅಂತ ಬಿಟ್ರೆ ಆ ಲೈನ್ ಓಡೇ ಇರಲ್ಲ, ಪ್ರೋಗ್ರಾಮ್ ಮುಗುಮ್ಮಾಗಿ ಮುಂದಕ್ಕೆ ಹೋಗುತ್ತೆ.

ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ ಅನ್ನೋ ರೋಗ

ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಪ್ರತಿ ರಾತ್ರಿ ರಿಪೋರ್ಟ್ ಕಳಿಸೋ ಒಂದು ಸರ್ವಿಸ್ ಇತ್ತು. ಮೊದಲ ದಿನ ಸರಿಯಾಗಿ ಹೋಗೋದು, ಎರಡನೇ ದಿನದಿಂದ ಹಳೇ ದಿನಾಂಕದ ರಿಪೋರ್ಟೇ ಮತ್ತೆ ಮತ್ತೆ ಹೋಗೋದು. ಯಾರಾದ್ರೂ ರೀಸ್ಟಾರ್ಟ್ ಮಾಡಿದ್ರೆ ಆ ದಿನದ ಮಟ್ಟಿಗೆ ಸರಿ, ಮಾರನೇ ದಿನ ಮತ್ತೆ ಅದೇ. ನಾವು ಕ್ಯಾಶ್ ಅಂದ್ವಿ, ಟೈಮ್‌ಝೋನ್ ಅಂದ್ವಿ, ಡೇಟಾಬೇಸ್ ಅಂದ್ವಿ, ದಿನಾ ಬೆಳಗ್ಗೆ ರೀಸ್ಟಾರ್ಟ್ ಮಾಡೋಕೆ ಒಂದು ಸ್ಕ್ರಿಪ್ಟೂ ಬರೆದ್ವಿ (ಈಗ ಹೇಳ್ಕೊಳ್ಳೋಕೆ ನಾಚಿಕೆ). ಕೊನೆಗೆ ಸಿಕ್ಕಿದ್ದು ಈ ಒಂದು ಲೈನ್:

ಕೆಲಸ = ಪಾರ್ಷಿಯಲ್(ರಿಪೋರ್ಟ್_ಕಳಿಸು, ಇವತ್ತಿನ_ದಿನಾಂಕ())

ಬ್ರಾಕೆಟ್ ನೋಡಿ. ಇವತ್ತಿನ_ದಿನಾಂಕ() ಓಡೋದು ಕಟ್ಟುವಾಗ, ಒಂದೇ ಸಲ. ಅದರ ಉತ್ತರ ಪಾರ್ಷಿಯಲ್ ಒಳಗೆ ಹೋಗಿ ಕೂತ್ಕೊಂಡ್ಮೇಲೆ ಸರ್ವಿಸ್ ಎಷ್ಟು ದಿನ ಓಡಿದ್ರೂ ಅದೇ ದಿನಾಂಕ. ಕೆಲಸವನ್ನ ಪ್ರಿಂಟ್ ಮಾಡಿದಾಗ ಆರ್ಗ್ಸ್ ಒಳಗೆ ಮೂರು ದಿನ ಹಿಂದಿನ ತಾರೀಖು ತಣ್ಣಗೆ ಕೂತಿತ್ತು. ರಿಪೇರಿಗೆ ಒಂದೇ ನಿಮಿಷ ಬೇಕಾಗಿದ್ದು, ದಿನಾಂಕವನ್ನ ಫಂಕ್ಷನ್ ಒಳಗೇ ಕೇಳೋ ಹಾಗೆ ಮಾಡಿದ್ವಿ. ಲ್ಯಾಂಬ್ಡಾ: ರಿಪೋರ್ಟ್_ಕಳಿಸು(ಇವತ್ತಿನ_ದಿನಾಂಕ()) ಅಂತ ಬರೆದಿದ್ರೂ ಆಗ್ತಿತ್ತು, ಯಾಕಂದ್ರೆ ಲ್ಯಾಂಬ್ಡಾ ಒಳಗಿರೋದು ಪ್ರತಿ ಸಲ ಕರೆದಾಗ ಹೊಸದಾಗಿ ಓಡುತ್ತೆ.

ಹಾಗಂತ ಎಲ್ಲ ಕಡೆ ಲ್ಯಾಂಬ್ಡಾ ಹಾಕಿಬಿಡೋಣ ಅಂದ್ರೆ ಅದು ಇನ್ನೊಂದು ಕಡೆ ಒದೆಯುತ್ತೆ. ಲೂಪಲ್ಲಿ ಐದು ಬಟನ್ ಮಾಡ್ತೀರ, ಪ್ರತಿಯೊಂದಕ್ಕೂ ಲ್ಯಾಂಬ್ಡಾ: ತೋರಿಸು(ಎಣಿಕೆ) ಅಂತ ಕೊಡ್ತೀರ, ಎಣಿಕೆ 0ಯಿಂದ 4ರವರೆಗೆ. ಯಾವ ಬಟನ್ ಒತ್ತಿದ್ರೂ 4 ಬರುತ್ತೆ. ಲ್ಯಾಂಬ್ಡಾ ನೆನಪಿಟ್ಕೊಳ್ಳೋದು ವೇರಿಯಬಲನ್ನ, ವ್ಯಾಲ್ಯೂನ ಅಲ್ಲ, ಒತ್ತೋ ಹೊತ್ತಿಗೆ ಲೂಪ್ ಮುಗಿದು ವೇರಿಯಬಲಲ್ಲಿ 4 ಉಳಿದಿರುತ್ತೆ. ಇಲ್ಲಿ ಪಾರ್ಷಿಯಲ್(ತೋರಿಸು, ಎಣಿಕೆ) ಹಾಕಿದ್ರೆ ಸರಿಯಾಗುತ್ತೆ, ಆ ಕ್ಷಣದ ವ್ಯಾಲ್ಯೂನೇ ಕಟ್ಕೊಳ್ಳುತ್ತೆ. ಅಂದ್ರೆ ದಿನಾಂಕದ ಕೇಸಲ್ಲಿ ಕೊಂದಿದ್ದೇ ಇಲ್ಲಿ ಕಾಪಾಡುತ್ತೆ. ಕಟ್ಟುವಾಗಿನ ವ್ಯಾಲ್ಯೂ ಬೇಕೋ ಕರೆಯುವಾಗಿನದ್ದು ಬೇಕೋ ಅಂತ ಕೇಳ್ಕೊಳ್ಳಿ, ಮೊದಲನೇದಾದ್ರೆ ಪಾರ್ಷಿಯಲ್, ಎರಡನೇದಾದ್ರೆ ಲ್ಯಾಂಬ್ಡಾ.

ನಡುವೆ ಸಿಕ್ಕಾಕೊಳ್ಳೋ ಕೇಸ್ ಒಂದಿದೆ, ಲಿಸ್ಟ್, ಡಿಕ್ಷನರಿ ಕಟ್ಟಿದಾಗ. ಪಾರ್ಷಿಯಲ್ ಅದರ ಕಾಪಿ ಮಾಡ್ಕೊಳ್ಳಲ್ಲ, ಅದೇ ಲಿಸ್ಟಿಗೆ ಬೆರಳು ತೋರಿಸ್ಕೊಂಡು ಇರುತ್ತೆ. ಆಮೇಲೆ ಹೊರಗಡೆ ಯಾರಾದ್ರೂ ಆ ಲಿಸ್ಟಿಗೆ ಏನಾದ್ರೂ ಸೇರಿಸಿದ್ರೆ ನಿಮ್ಮ ಪಾರ್ಷಿಯಲ್ ಒಳಗೂ ಅದು ಕಾಣುತ್ತೆ. ಸಂಖ್ಯೆ, ಸ್ಟ್ರಿಂಗ್ ಆದ್ರೆ ಬದಲಾಗೋ ಪ್ರಶ್ನೆನೇ ಇಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಇದು ತದ್ವಿರುದ್ಧ, ಸ್ಟ್ಯಾಂಡರ್ಡ್ ಲೈಬ್ರರಿಯ ಬೈಂಡ್ ಎಲ್ಲನೂ ಕಾಪಿ ಮಾಡ್ಕೊಳ್ಳುತ್ತೆ, ಅಸಲಿ ವೇರಿಯಬಲ್ ಬದಲಾಗಲಿ ಅಂತ ಕೊಟ್ಟಿದ್ರೆ ಅದು ಬದಲಾಗಲ್ಲ, ರೆಫ್‌ನಲ್ಲಿ ಸುತ್ತಿ ಕೊಡಬೇಕು.

ತೆಗೆದ್ರೂ ಹೋಗದ ಕಾಲ್‌ಬ್ಯಾಕ್

ಕಾಲ್‌ಬ್ಯಾಕ್ (ಏನಾದ್ರೂ ಆದಾಗ ಕರೀಲಿ ಅಂತ ಕೊಟ್ಟಿಡೋ ಫಂಕ್ಷನ್) ಸೇರಿಸುವಾಗ ಪಾರ್ಷಿಯಲ್(ಕೇಳು, 1) ಕೊಟ್ರಿ, ತೆಗೆಯುವಾಗಲೂ ಪಾರ್ಷಿಯಲ್(ಕೇಳು, 1) ಕೊಟ್ರಿ, ಲಿಸ್ಟಲ್ಲಿ ಅದು ಇಲ್ಲ ಅಂತ ಎರರ್. ಕಣ್ಣಿಗೆ ಎರಡೂ ಒಂದೇ, ಪೈಥಾನಿಗೆ ಎರಡು ಬೇರೆ ಬೇರೆ ಆಬ್ಜೆಕ್ಟ್, ಒಳಗಿರೋದು ಒಂದೇ ಆದ್ರೂ ಸಮ ಅಂತ ಒಪ್ಪಲ್ಲ. ಗೊಂದಲ ಯಾಕೆ ಆಗುತ್ತೆ ಅಂದ್ರೆ ಸಾದಾ ಮೆಥಡ್ ಕೊಟ್ಟಾಗ ಇದು ಕೆಲಸ ಮಾಡ್ತಿರುತ್ತೆ, ಒಂದೇ ಆಬ್ಜೆಕ್ಟಿನ ಒಂದೇ ಮೆಥಡನ್ನ ಎರಡು ಸಲ ತಗೊಂಡ್ರೂ ಪೈಥಾನ್ ಸಮ ಅಂತ ಹೇಳುತ್ತೆ, ಆದ್ರಿಂದ ಮೆಥಡನ್ನ ಪಾರ್ಷಿಯಲ್‌ಗೆ ಬದಲಾಯಿಸಿದ ದಿನದಿಂದ ಕಾಲ್‌ಬ್ಯಾಕ್ ಸೋರೋಕೆ ಶುರು. ಜಾವಾಸ್ಕ್ರಿಪ್ಟಲ್ಲಿ ಇನ್ನೂ ಕಷ್ಟ, ರಿಮೂವ್ ಇವೆಂಟ್ ಲಿಸನರ್‌ಗೆ ಹೊಸ ಬೈಂಡ್ ಕೊಟ್ರೆ ಎರರೂ ಬರಲ್ಲ, ಹಳೇದು ಸುಮ್ನೆ ಅಲ್ಲೇ ಉಳ್ಕೊಳ್ಳುತ್ತೆ, ಒಂದು ಕ್ಲಿಕ್ಕಿಗೆ ಕೆಲಸ ಎರಡು ಸಲ, ಮೂರು ಸಲ ಆಗೋಕೆ ಶುರುವಾದಾಗ ಗೊತ್ತಾಗೋದು. ಕಟ್ಟಿದ್ದನ್ನ ಒಂದು ವೇರಿಯಬಲಲ್ಲಿ ಇಟ್ಕೊಂಡು ಸೇರಿಸೋಕೂ ತೆಗೆಯೋಕೂ ಅದನ್ನೇ ಕೊಡಿ.

ಬೈಂಡಿನ ವಿಷಯ ಬಂದಿದ್ದಕ್ಕೆ ಇನ್ನೆರಡು. ಅದರ ಮೊದಲನೇ ಆರ್ಗ್ಯುಮೆಂಟ್ ಫಂಕ್ಷನ್ನಿಗೆ ಹೋಗಲ್ಲ, 'ದಿಸ್' (ಫಂಕ್ಷನ್ ಯಾವ ಆಬ್ಜೆಕ್ಟ್ ಮೇಲೆ ಓಡ್ತಿದೆಯೋ ಅದು) ಆಗುತ್ತೆ. ಕೂಡು.ಬೈಂಡ್(5) ಅಂತ ಬರೆದು 5 ಎಲ್ಲಿ ಹೋಯ್ತು ಅಂತ ಹುಡುಕಿದವರಲ್ಲಿ ನಾನೂ ಒಬ್ಬ, ಕೂಡು.ಬೈಂಡ್(ನಲ್, 5) ಅಂತ ಬರೀಬೇಕು. ಮತ್ತೆ ಒಂದು ಸಲ ಬೈಂಡ್ ಮಾಡಿದ್ಮೇಲೆ ಇನ್ನೊಂದು ಸಲ ಬೈಂಡ್ ಮಾಡಿ ದಿಸ್ ಬದಲಾಯಿಸೋಕೆ ಆಗಲ್ಲ, ಮೊದಲನೇದೇ ಗಟ್ಟಿ, ಎಕ್ಸ್ಟ್ರಾ ಆರ್ಗ್ಯುಮೆಂಟ್ ಮಾತ್ರ ಸೇರ್ಕೊಳ್ಳುತ್ತೆ.

ಆರ್ಗ್ಯುಮೆಂಟ್ ಕೇಳದೇ ಬಂದು ಸೇರ್ಕೊಂಡ್ರೆ

ನೀವು ಒಂದೇ ಖಾಲಿ ಬಿಟ್ಟಿದೀರ, ಕರೆಯೋ ಲೈಬ್ರರಿ ಮೂರು ಕಳಿಸುತ್ತೆ. ಜಾವಾಸ್ಕ್ರಿಪ್ಟಿನ ಮ್ಯಾಪ್ ನಿಮ್ಮ ಫಂಕ್ಷನ್ನಿಗೆ ಐಟಂ, ಅದರ ಇಂಡೆಕ್ಸ್, ಇಡೀ ಅರೇ, ಮೂರನ್ನೂ ಕೊಡುತ್ತೆ. "10" ಅನ್ನೋ ಸ್ಟ್ರಿಂಗ್ ಮೂರು ಸಲ ಇರೋ ಅರೇ ಮೇಲೆ ಮ್ಯಾಪ್(ಪಾರ್ಸ್‌ಇಂಟ್) ಓಡಿಸಿ ನೋಡಿ, 10, ನಾನ್ (NaN, ಅಂದ್ರೆ 'ಸಂಖ್ಯೆ ಅಲ್ಲ'), 2 ಅಂತ ಬರುತ್ತೆ. ಇಂಡೆಕ್ಸ್ ಹೋಗಿ ಎಷ್ಟರ ಬೇಸ್ ಅನ್ನೋ ಎರಡನೇ ಪ್ಯಾರಾಮೀಟರಲ್ಲಿ ಕೂತಿದೆ: ಬೇಸ್ 0 ಅಂದ್ರೆ ಕೊಡಲಿಲ್ಲ ಅಂತ ತಿಳ್ಕೊಂಡು ಹತ್ತರಲ್ಲೇ ಓದ್ತು, ಬೇಸ್ 1 ಅನ್ನೋದೇ ಇಲ್ಲ ಅದಕ್ಕೆ ನಾನ್, ಬೇಸ್ 2ರಲ್ಲಿ 10 ಅಂದ್ರೆ ಎರಡು. ಬೈಂಡ್ ಇಲ್ಲಿ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಕಟ್ಟಬೇಕಾಗಿರೋದು ಎರಡನೇದನ್ನ, ಬೈಂಡ್ ಕಟ್ಟೋದು ಎಡದಿಂದ. ಆರೋ ಫಂಕ್ಷನ್ ಬರೆದು ಒಂದೇ ಆರ್ಗ್ಯುಮೆಂಟ್ ಒಳಗೆ ಬಿಡಿ.

ಕರಿ (curry) ಮಾಡೋ ಲೈಬ್ರರಿ ಬಳಸೋರಿಗೆ ಇದರ ಸೋದರಸಂಬಂಧಿ ಒಂದು ಕಾಟ ಕೊಡುತ್ತೆ. ಕರಿ ಬೇರೆ ಪಾರ್ಷಿಯಲ್ ಬೇರೆ, ಕರಿ ಅಂದ್ರೆ ಫಂಕ್ಷನ್ನನ್ನ ಒಂದೊಂದೇ ಆರ್ಗ್ಯುಮೆಂಟ್ ತಗೊಳ್ಳೋ ಸರಪಳಿ ಮಾಡೋದು. ಹ್ಯಾಸ್ಕೆಲ್ ಕರಿ ಅನ್ನೋ ತರ್ಕಶಾಸ್ತ್ರಜ್ಞರ ಹೆಸರು ಇದಕ್ಕೆ ಅಂಟ್ಕೊಂಡಿದ್ರೂ ಮೊಸೆಸ್ ಶೋನ್‌ಫಿಂಕೆಲ್ 1924ರ ತಮ್ಮ ಲೇಖನದಲ್ಲೇ ಈ ಐಡಿಯಾ ಬಳಸಿದ್ರು. ಲೋಡ್ಯಾಶ್ ಥರದ ಲೈಬ್ರರಿ ಎಷ್ಟು ಆರ್ಗ್ಯುಮೆಂಟ್ ಬರೋವರೆಗೂ ಕಾಯಬೇಕು ಅಂತ ನೋಡೋದು ಫಂಕ್ಷನ್ನಿನ ಲೆಂತ್ ನೋಡಿ, ಡಿಫಾಲ್ಟ್ ವ್ಯಾಲ್ಯೂ ಇರೋ ಪ್ಯಾರಾಮೀಟರ್ ಬಂದ ಕಡೆ ಆ ಎಣಿಕೆ ನಿಂತೋಗುತ್ತೆ. ಹಾಗಾಗಿ ಮೂರರಲ್ಲಿ ಎರಡನೇದಕ್ಕೆ ಡಿಫಾಲ್ಟ್ ಇಟ್ರೆ ಲೆಂತ್ 1, ಮೊದಲನೇ ಆರ್ಗ್ಯುಮೆಂಟ್ ಬಂದ ಕೂಡಲೇ ಫಂಕ್ಷನ್ ಓಡಿ ಉತ್ತರ ಕೊಟ್ಬಿಡುತ್ತೆ, ಮುಂದಿನ ಕರೆಗೆ 'ಇದು ಫಂಕ್ಷನ್ ಅಲ್ಲ' ಅಂತ ಎರರ್. ಎಷ್ಟು ಬೇಕು ಅನ್ನೋ ಸಂಖ್ಯೆಯನ್ನ ನೀವೇ ಕೊಡಿ.

ಕ್ಲಾಸ್ ಒಳಗೆ ಇಟ್ಟಾಗ

3.13ರವರೆಗಿನ ಪೈಥಾನಲ್ಲಿ ಕ್ಲಾಸ್ ಬಾಡಿಯಲ್ಲಿ ಪಾರ್ಷಿಯಲ್ ಇಟ್ಟು ಅದನ್ನ ಮೆಥಡ್ ಥರ ಕರೆದ್ರೆ ಸೆಲ್ಫ್ (ಯಾವ ಆಬ್ಜೆಕ್ಟ್ ಮೇಲೆ ಕರೆದಿದೀರೋ ಅದು) ಬರಲ್ಲ, ಒಂದು ಆರ್ಗ್ಯುಮೆಂಟ್ ಕಮ್ಮಿ ಅಂತ ಎರರ್. ಅದಕ್ಕೇ 3.4ರಲ್ಲಿ ಪಾರ್ಷಿಯಲ್‌ಮೆಥಡ್ ಅಂತ ಬೇರೆ ಕೊಟ್ರು, ಅದನ್ನ ಬಳಸಿ. ಈಗ ಒಂದು ಹೊಸ ತಲೆನೋವು: 3.13ರಲ್ಲಿ ಹಿಂಗೆ ಬಳಸಿದ್ರೆ ಫ್ಯೂಚರ್ ವಾರ್ನಿಂಗ್ ಬರ್ತಿತ್ತು, 3.14ರಿಂದ ಸಾದಾ ಪಾರ್ಷಿಯಲ್ಲೇ ಮೆಥಡ್ ಥರ ವರ್ತಿಸಿ ಸೆಲ್ಫ್ ಕಳಿಸುತ್ತೆ. ಸೆಲ್ಫ್ ಬರಲ್ಲ ಅಂತ ನಂಬ್ಕೊಂಡು ಬರೆದಿದ್ದ ಹಳೇ ಕೋಡಿಗೆ ವರ್ಷನ್ ಏರಿಸಿದ ದಿನ ಒಂದು ಆರ್ಗ್ಯುಮೆಂಟ್ ಜಾಸ್ತಿ ಆಗುತ್ತೆ. ಹಳೇ ನಡವಳಿಕೆನೇ ಬೇಕಂದ್ರೆ ಸ್ಟ್ಯಾಟಿಕ್‌ಮೆಥಡಲ್ಲಿ ಸುತ್ತಿ.

ಹೆಸರು ಕೇಳೋ ಲಾಗರ್, ಡೆಕೊರೇಟರ್‌ಗಳು ಪಾರ್ಷಿಯಲ್ ಸಿಕ್ಕಿದ್ರೆ ಆಟ್ರಿಬ್ಯೂಟ್ ಎರರ್ ಕೊಡುತ್ತೆ, ಯಾಕಂದ್ರೆ ಅದಕ್ಕೆ ಹೆಸರಿನ ಆಟ್ರಿಬ್ಯೂಟ್ ಇಲ್ಲ. ಅಪ್‌ಡೇಟ್‌ರ‍್ಯಾಪರ್ ಒಂದು ಸಲ ಓಡಿಸಿದ್ರೆ ಹೆಸರು ಅಂಟುತ್ತೆ. 3.8ಕ್ಕಿಂತ ಹಳೇ ಪೈಥಾನಲ್ಲಿ ಅಸಿಂಕ್ ಫಂಕ್ಷನ್ನನ್ನ ಪಾರ್ಷಿಯಲ್ ಮಾಡಿದ್ರೆ ಇನ್‌ಸ್ಪೆಕ್ಟ್ ಅದನ್ನ ಅಸಿಂಕ್ ಅಂತ ಗುರುತೇ ಹಿಡೀತಿರಲಿಲ್ಲ, ಅಂಥ ಹಳೇ ಸಿಸ್ಟಮ್ ಇನ್ನೂ ಓಡ್ತಿದ್ರೆ ಅವೈಟ್ ಆಗದೆ ಉಳಿದ ಕೊರೂಟಿನ್ ವಾರ್ನಿಂಗಿಗೆ ಇದೂ ಒಂದು ಕಾರಣ ಇರಬಹುದು.

ಬೇರೆ ಪ್ರೋಸೆಸಿಗೆ ಕಳಿಸುವಾಗ

ಲಿನಕ್ಸಲ್ಲಿ ಸರಾಗವಾಗಿ ಓಡ್ತಿದ್ದ ಮಲ್ಟಿಪ್ರೋಸೆಸಿಂಗ್ ಕೋಡ್ ವಿಂಡೋಸಲ್ಲಿ ಪಿಕಲ್ (ಆಬ್ಜೆಕ್ಟನ್ನ ಕಳಿಸೋಕೆ ಬೈಟ್ ಸಾಲಾಗಿ ಬದಲಾಯಿಸೋದು) ಎರರ್ ಕೊಟ್ಟು ಬಿದ್ರೆ ಟಾರ್ಗೆಟ್ ಏನಿದೆ ನೋಡಿ. ವಿಂಡೋಸಲ್ಲಿ ಹೊಸ ಪ್ರೋಸೆಸಿಗೆ ಫಂಕ್ಷನ್ನನ್ನ ಪಿಕಲ್ ಮಾಡೇ ಕಳಿಸಬೇಕು, ಲಿನಕ್ಸಲ್ಲಿ ಫೋರ್ಕ್ (ಓಡ್ತಿರೋ ಪ್ರೋಸೆಸನ್ನೇ ನಕಲು ಮಾಡೋದು) ಇದ್ದಿದ್ರಿಂದ ಆ ಕೆಲಸ ಬೇಕಿರಲಿಲ್ಲ, 3.14ರಲ್ಲಿ ಲಿನಕ್ಸಲ್ಲೂ ಆ ಡಿಫಾಲ್ಟ್ ಬದಲಾಗಿದೆ, ಹಾಗಾಗಿ ಈಗ ಅಲ್ಲೂ ಬೀಳಬಹುದು. ಲ್ಯಾಂಬ್ಡಾ ಪಿಕಲ್ ಆಗಲ್ಲ, ಪಾರ್ಷಿಯಲ್ ಆಗುತ್ತೆ, ಬದಲಾಯಿಸಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತೆ. ಪಾರ್ಷಿಯಲ್ ಇದ್ದೂ ಬೀಳ್ತಿದೆ ಅಂದ್ರೆ ಅದರೊಳಗೆ ಕಟ್ಟಿರೋದ್ರಲ್ಲಿ ಯಾವುದೋ ಒಂದು ಪಿಕಲ್ ಆಗ್ತಿಲ್ಲ, ತೆರೆದ ಫೈಲೋ ಲಾಕೋ ಡೇಟಾಬೇಸ್ ಕನೆಕ್ಷನ್ನೋ ಇರುತ್ತೆ. ಮತ್ತೆ ಆರ್ಗ್ಸ್, ಕೀವರ್ಡ್ಸ್ ಪ್ರಿಂಟ್ ಮಾಡಿ, ಒಂದೊಂದನ್ನೇ ಬಿಡಿಯಾಗಿ ಪಿಕಲ್.ಡಂಪ್ಸ್‌ಗೆ ಕೊಡ್ತಾ ಹೋಗಿ, ಎರರ್ ಬಂದ ಕಡೆ ನಿಲ್ಲಿಸಿ. ಆ ವಸ್ತುವನ್ನ ಕಟ್ಟೋದು ಬಿಟ್ಟು ಅದರ ಪಾತ್ ಇಲ್ಲಾ ಅಡ್ರೆಸ್ ಮಾತ್ರ ಕಟ್ಟಿ ಕಳಿಸಿ, ತೆರೆಯೋ ಕೆಲಸ ಹೊಸ ಪ್ರೋಸೆಸ್ ಒಳಗೆ ಆಗಲಿ.